ಎರಡು ದೊರಿ ಬಾಟ್ಲಿ, ಎರಡು ಬಿರಡಿ

ಹಳೇ ಗಾಜಿನ ವ್ಯಾಪಾರ ಮಾಡೋರಿಗೆ ನಗೋ ಪ್ರಸಂಗ ಬ್ಯಾಡಂದ್ರೂ ಬರ್ತಾನ ಇರ್ತಾವ. ಆದ್ರ ನಗೋ ಹಂಗಿಲ್ಲ. ನಕ್ಕರ ಕೈ ಅಲುಗತೈತಿ, ಕೈ ಅಲುಗಿದ್ರ ಮಾಲು ನೆಲಕ್ಕ ಬೀಳ್ತೈತಿ. ಅದಕ್ಕ ನಮ್ಮಪ್ಪ ಅಂಗಡ್ಯಾಗ ಒಂದು ಕಾಯ್ದೆ ಮಾಡಿದ್ದ. ನಗು ಬಂದ್ರ ಕೈಯಾಗಿನ ಸಾಮಾನು ಮೆಲ್ಲಕ ಕೆಳಗಿಟ್ಟು, ಹೊರಗ ಹೋಗಿ ನಕ್ಕು ಬರಬೇಕು. ಹೊರಗ ಬಂದು ನಿಂತ್ರ ಬಳ್ಳಾರಿ ಕೌಲ್ ಬಜಾರಿನ ಗದ್ದಲ. ಜಟಕಾದವ ಮೈಮ್ಯಾಲ ಬರ್ತಿದ್ದ, ನಗು ಅಲ್ಲೇ ಆರಿ ಹೋಗ್ತಿತ್ತು. ಹಂಗಾಗಿ ನನ್ನ ಮುಖ ಹಿಂಗ ಬಿಗಿದುಕೊಂಡ ಉಳಿದೈತಿ. ಹೊಸಾ ಗಿರಾಕಿಗಳು ಒಳಗ ಬಂದು, "ಯಾಕ್ರೀ, ಮನ್ಯಾಗ ಯಾರರ ತೀರಿಕೊಂಡಾರೇನು?" ಅಂತ ಕೇಳಿದ್ದುಂಟು.

ನಮ್ಮ ಅಂಗಡಿ ಮಾಲು ಅಂದ್ರ, ಬಳ್ಳಾರ್ಯಾಗ ಬ್ರಿಟಿಷರ ದಂಡು ಇದ್ದಾಗ ಬಂಗಲೆದಾಗ ಇದ್ದ ಸಾಮಾನು. ದೊರಿಗಳು ಗಂಟು ಕಟ್ಟುವಾಗ ಹರಾಜಿಗೆ ಹಾಕಿದ್ದು, ಆಮ್ಯಾಲ ಮನಿಮನಿ ಸುತ್ತಿ ನಮ್ಮ ಕೈಗೆ ಬಂದದ್ದು. ಅದರಾಗ ಮೇಲಾದ ಮಾಲು ಅಂದ್ರ ಉದ್ದ ಕುತ್ತಿಗಿ, ಗುಂಡನ ಹೊಟ್ಟಿ, ಬಾಯಿ ಮುಚ್ಚಾಕ ಮ್ಯಾಲೊಂದು ಗಾಜಿನ ಬಿರಡಿ ಇರೋ ಬಾಟ್ಲಿ. ಇಂಗ್ಲಿಷಿನಾಗ ಡಿಕ್ಯಾಂಟರ್ ಅಂತಾರ, ನಮ್ಮ ಕಡೆ ಎಲ್ಲಾರೂ ದೊರಿ ಬಾಟ್ಲಿ ಅಂತಿದ್ರು. ದೊರಿಗಳು ಅದರಾಗ ಶೆರೆ ಹಾಕ್ತಿದ್ರು. ನಮ್ಮ ಲಿಂಗವಂತರ ಮನ್ಯಾಗ ಅದ ಬಾಟ್ಲ್ಯಾಗ ಜೇನುತುಪ್ಪ, ಔಡಲೆಣ್ಣಿ ಹಾಕ್ತಿದ್ರು. ಬಾಟ್ಲಿ ಹೋದ ಮನಿ ಆಚಾರ ಹಿಡಿತೈತಿ, ಅದರದೇನು ತಪ್ಪಿಲ್ಲ.

ನಾ ಹೇಳಾಕ ಹೊಂಟಿದ್ದು ಎಪ್ಪತ್ತರ ಆಚೀಚಿನ ಮಾತು. ಅಪ್ಪ ತೀರಿ, ಅಂಗಡಿ ನನ್ನ ಕೈಗೆ ಬಂದಿತ್ತು. ಆಗ ಅಂಥ ಎರಡು ಬಾಟ್ಲಿ ನಮ್ಮವ್ವನ್ನ, ಆಕಿ ತಂಗಿ ಅಂದ್ರ ಕುರುಗೋಡಿನ ನಮ್ಮ ಚಿಗವ್ವನ್ನ ದೂರ ಮಾಡಿಬಿಟ್ವು. ಇಬ್ಬರಿಗೂ ಅಣ್ಣತಮ್ಮರಿಲ್ಲ. ಹೆತ್ತವರು ಹೋದ ಮ್ಯಾಲ ಸಿರುಗುಪ್ಪದ ಮನಿಗೂ ಬೀಗ ಬಿತ್ತು. "ನಂಗ ತವರು ಅಂದ್ರ ಈಗ ಆಕಿ ಒಬ್ಬಾಕಿನ" ಅಂತಿದ್ಲು ಅವ್ವ. ಹಂಗಂತಿದ್ಲು, ಅಳತಿದ್ಲು, ಆದ್ರ ಆಕಿ ಜೋಡಿ ಮಾತು ಬಿಟ್ಟಿದ್ಲು. ಪಂಚಮಿ ಬಂತಂದ್ರ ತಂಗಿಗಂತ ಉಂಡಿ ಕಟ್ಟಿ ಡಬ್ಬಿ ತುಂಬ್ತಿದ್ಲು, ಕುರುಗೋಡಿಗೆ ಕಳಿಸ್ತಿರಲಿಲ್ಲ. ಕಡೀಗೆ ನಾನ ತಿಂತಿದ್ದೆ.

೧. ಊದಿದ್ದು ಬ್ಯಾಡ

ಮೊದಲ ಈ ಬಾಟ್ಲಿ ಹೆಂಗ ಹುಟ್ಟತೈತಿ ಅನ್ನೋದು ಹೇಳಬೇಕು. ಇಲ್ಲಾಂದ್ರ ಜಗಳಾ ತಿಳಿಯಂಗಿಲ್ಲ.

ಒಬ್ಬ ಜವಳಿ ಸಾವ್ಕಾರ್ರು ಬಂದ್ರು. ಭಾಳ ಮಡಿ ಮನುಷ್ಯಾ. ಮನಿಗೆ ಬಂದ ದೊಡ್ಡೋರ ಮುಂದ ನೀರು ಇಡಾಕ ಚಂದಾಗಿದ್ದು ಒಂದು ಬೇಕಿತ್ತು. ಒಂದು ದೊರಿ ಬಾಟ್ಲಿ ಎತ್ತಿ ಬೆಳಕಿಗೆ ಹಿಡಿದ್ರು. ಆ ಕಡೆ ಈ ಕಡೆ ಮ್ಯಾಲಿಂದ ಕೆಳಗ ಸಣ್ಣ ಗೆರಿ ಕಂಡ್ತು.

"ಇದು ಒಡದೈತಿ. ಅಂಟಿಸಿ ಮಾರಾಕತ್ತೀ."

ನಾನು ಸಮಾಧಾನಲೆ ಹೇಳಿದೆ. ಗಾಜು ಕರಗಿಸೋ ಕುಲುಮ್ಯಾಗ ಉದ್ದನ ಕಬ್ಬಿಣದ ಕೊಳವಿ ಅದ್ದಿ ತಿರುವಿದ್ರ ತುದಿಗೆ ಕೆಂಪನ ಗಾಜಿನ ಮುದ್ದಿ ಅಂಟಿಕೊಂಡು ಬರ್ತೈತಿ. ಬಾಗಲದ ಕದದಂಗ ಎರಡು ಕಡೆ ತೆರೆಯೋ ಕಬ್ಬಿಣದ ಅಚ್ಚು ಇರ್ತೈತಿ, ಅದರ ಒಳಮೈಯಾಗ ಗೆರಿ, ಹೂವು ಎಲ್ಲಾ ಕೊರೆದಿರ್ತಾರ. ಮುದ್ದಿ ಅದರಾಗ ಇಳಿಸಿ, ಅಚ್ಚು ಮುಚ್ಚಿ, ಕೊಳವಿ ಈ ತುದಿಗೆ ಬಾಯಿ ಇಟ್ಟು ಊದ್ತಾರ. ಗಾಜು ಉಬ್ಬಿ ಅಚ್ಚಿನ ಮೂಲಿಮೂಲಿಗೆ ಹೋಗಿ ಕುಂದ್ರತೈತಿ. ಅಚ್ಚಿನ ಎರಡು ಕದ ಕೂಡಿದ ಕಡೆ ಹಿಂಗ ಗೆರಿ ಮೂಡ್ತೈತಿ.

"ಅದು ಒಡಕಲ್ರೀ, ಹುಟ್ಟುಗುರುತು. ಬೇಕಾದ್ರ ಒಳಗ ಕಡ್ಡಿ ಬಿಟ್ಟು ಸವರ್ರಿ, ಹೊರಗಿನ ಏರುತಗ್ಗು ಒಳಗೂ ತಾಗ್ತಾವ. ತಳದಾಗ ಈ ಗಾಯ ನೋಡ್ರಿ. ಬಾಯಿ ತಿದ್ದುವಾಗ ಹಿಡಕೊಳ್ಳಾಕ ಅಂತ ಅಲ್ಲಿ ಒಂದು ಸರಳು ಅಂಟಿಸಿರ್ತಾರ, ಕಡೀಗೆ ಅದನ್ನ ಮುರಿದು ತೆಗೀತಾರ. ನಾವು ಅದಕ್ಕ ಹೊಕ್ಕಳ ಅಂತೀವಿ."

ಸಾವ್ಕಾರ್ರು ಪುರಾಣ ಕೇಳಿದಂಗ ಕೇಳಿದ್ರು. ಆಮ್ಯಾಲ ಬಾಟ್ಲಿ ತುಸು ದೂರ ಹಿಡಿದ್ರು.

"ಬಾಯಿಲೆ ಊದ್ಯಾರ?"

"ಹೌದ್ರೀ."

"ಯಾರ ಬಾಯಿ?"

"ಅದೆಂಗ ಹೇಳಾಕ ಬರ್ತೈತ್ರೀ? ದೊರಿಗಳ ಸೀಮಿ ಕಡೆ ಯಾವನೋ ಕುಲುಮಿಯವ."

"ಅಯ್ಯ ಶಿವನ! ಅವತ್ತು ಏನು ತಿಂದು ಬಂದಿದ್ದನೋ ಏನೋ!"

"ಬೆಂಕಿ ಮುಟ್ಟಿದ್ದಕ್ಕ ಮೈಲಿಗಿ ಎಲ್ಲೀದ್ರೀ?" ಅಂದೆ.

"ಬೆಂಕಿ ಹೊರಗಿತ್ತು. ಅವನ ಎಂಜಲ ಉಸಿರು ಒಳಗೈತಿ."

"ಶಂಖಾನೂ ಬಾಯಿಲೆನ ಊದ್ತಾರಲ್ರೀ?"

"ಊದಿ ಇಳಿಸ್ತಾರ. ಅದರಾಗ ಮಜ್ಜಿಗಿ ಹಾಕ್ಕೊಂಡು ಕುಡಿತಾರೇನು?"

ನಾನು ಬಾಟ್ಲಿ ಇಸಕೊಂಡು ಹಲಗಿ ಮ್ಯಾಲ ಇಟ್ಟೆ. ಊದದಂಥಾದ್ದು ಏನೈತಿ ಅಂದ್ರು. ಹಿಂದಿನ ಹಲಗಿ ಮ್ಯಾಲಿಂದ ಒಂದು ದಪ್ಪನ ಗಾಜಿನ ಹೂಜಿ ಇಳಿಸಿಕೊಟ್ಟೆ. ಅದು ಒತ್ತಿ ಮಾಡಿದ್ದು, ಅಚ್ಚಿನಾಗ ಗಾಜು ಸುರಿದು ಮ್ಯಾಲಿಂದ ಕಬ್ಬಿಣದ ದಿಮ್ಮಿ ಇಳಿಸಿ ಒತ್ತತಾರ, ಯಾರೂ ಊದಂಗಿಲ್ಲ ಅಂತ ಹೇಳಿದೆ. ಸಾವ್ಕಾರ್ರಿಗೆ ಜೀವ ಬಂತು. ಹೂಜಿ ತೊಗೊಂಡು ತಿರುವಿ ನೋಡಿದ್ರು. ಒಳಗ ಧೂಳು ಇತ್ತು. ಬಾಯಿ ಹತ್ತಿರ ಹಿಡಿದು 'ಫೂ' ಅಂತ ಊದಿ, ಬಗಲಾಗ ಇಟ್ಟುಕೊಂಡು ಹೋದ್ರು.

೨. ಮಾವಜ್ಜನ ನ್ಯಾಯ

ಅಚ್ಚಿನಾಗ ಬಾಟ್ಲಿ ಹೊಟ್ಟಿ ಒಂದ ಥರ ಆಕ್ಕತಿ. ಆದ್ರ ಬಾಯಿ ಕೈಲೆ ತಿದ್ದತಾರ, ಅದಕ್ಕ ಒಂದರ ಬಾಯಿ ತುಸು ಅಗಲ, ಇನ್ನೊಂದರದು ತುಸು ಸಣ್ಣದು. ಬಿರಡಿ ಬ್ಯಾರೆ ಮಾಡಿ, ಉಸುಕು ನೀರು ಹಾಕಿ, ಆ ಬಾಟ್ಲಿ ಬಾಯಾಗ ತಿರುವಿ ತಿರುವಿ ಅರೀತಾರ. ಆ ಬಾಟ್ಲಿಗೆ ಆ ಬಿರಡಿನ ಆಗಬೇಕು. ಅದಲುಬದಲು ಆಗಬಾರದು ಅಂತ ಎರಡಕ್ಕೂ ಒಂದ ಗುರುತು ಗೀರಿರ್ತಾರ. ಇದು ನಂಗ ಗೊತ್ತು, ನಮ್ಮಪ್ಪಗ ಗೊತ್ತಿತ್ತು. ಮಾವಜ್ಜಗ ಗೊತ್ತಿರಲಿಲ್ಲ.

ಮಾವಜ್ಜ ಅಂದ್ರ ಅವ್ವನ ಸೋದರಮಾವ, ಸಿರುಗುಪ್ಪದಾಗ ಪಾಲು ಹಂಚೋದ್ರಾಗ ಹೆಸರಾದ ಮನುಷ್ಯಾ. ಹಪ್ಪಳ ಮುರಿದು ಕೊಟ್ಟರೂ ಪುಡಿ ಬಿದ್ದದ್ದನ್ನ ಎರಡು ಭಾಗ ಮಾಡ್ತಿದ್ದ. ನಮ್ಮಜ್ಜಿ ತೀರಿದ ಮ್ಯಾಲ ಮನಿ ಸಾಮಾನು ಹಂಚಾಕ ಆತನ್ನ ಕರೆಸಿದ್ರು. ಕೊಡ, ಹಂಡೆ, ಗಂಗಾಳ ಎಲ್ಲಾ ಗದ್ದಲಿಲ್ಲದ ಆತು. ಕಡೀಗೆ ಉಳಿದದ್ದು ಎರಡು ದೊರಿ ಬಾಟ್ಲಿ. ಭತ್ತದ ವ್ಯಾಪಾರಕ್ಕ ಬಳ್ಳಾರಿಗೆ ಬಂದಾಗ ನಮ್ಮಜ್ಜ ಹರಾಜಿನಾಗ ಕೂಗಿ ತಂದಿದ್ದ ಜೋಡಿ ಅದು. ಅಜ್ಜಿ ಅವನ್ನ ಜೀವಕ್ಕಿಂತ ಹೆಚ್ಚು ನೋಡಿಕೊಂಡಿದ್ಲು. ಅವತ್ತು ಬಾಟ್ಲಿ ತೊಳೆದು ಬೋರಲ ಹಾಕಿದ್ರು, ಬಿರಡಿ ಎರಡೂ ಅರಿವಿ ಮ್ಯಾಲ ಆರಾಕತ್ತಿದ್ವು.

ಒಂದೊಂದು ಕೈಗೆ ಕೊಟ್ಟು ಕಳಿಸಿದ್ರ ಮುಗೀತಿತ್ತು. ಮಾವಜ್ಜ ಕಣ್ಣು ಮುಚ್ಚಿ ವಿಚಾರ ಮಾಡಿದ.

"ಒಬ್ಬಾಕಿಗೆ ಬಾಟ್ಲೀನೂ ಬಿರಡೀನೂ ಮೊದಲ ಆರಿಸಾಕ ಬಿಟ್ರ ಇನ್ನೊಬ್ಬಾಕಿಗೆ ಅನ್ಯಾಯ ಆಕ್ಕತಿ. ಅಕ್ಕ ಮೊದಲ ಬಾಟ್ಲಿ ಆರಿಸ್ಲಿ. ತಂಗಿ ಮೊದಲ ಬಿರಡಿ ಆರಿಸ್ಲಿ."

ಕುಂತ ಹಿರೇರೆಲ್ಲಾ "ಭಲೆ!" ಅಂದ್ರು. ಅವ್ವ ಅಗಲ ಬಾಯಿ ಬಾಟ್ಲಿ ಎತ್ತಿಕೊಂಡ್ಲು. ಚಿಗವ್ವ ದೊಡ್ಡ ಬಿರಡಿ ಎತ್ತಿಕೊಂಡ್ಲು. "ಮಾವ, ಒಂದ ಸಲ ಕೂಡಿಸಿ ನೋಡ್ಲೇನು?" ಅಂತ ಚಿಗವ್ವ ಕೇಳಿದ್ಲಂತ.

"ಪಾಲು ಮುಗಿಯೋತನಕ ಕೂಡಿಸೋ ಮಾತಿಲ್ಲ. ಇದು ಪಾಲು, ಸಂಬಂಧ ಅಲ್ಲ" ಅಂದ ಮಾವಜ್ಜ.

ಅವ್ವ ಮನಿಗೆ ಬಂದು ನೋಡ್ತಾಳ, ತನ್ನ ಬಾಟ್ಲ್ಯಾಗ ಸಣ್ಣ ಬಿರಡಿ ತಲಿ ಅಷ್ಟ ಹೊರಗ ಉಳಿದು ಕುತ್ತಿಗಿತನಕ ಇಳೀತು. ಅಲ್ಲಿ ಕುರುಗೋಡಿನಾಗ ಚಿಗವ್ವನ ಬಾಟ್ಲಿ ಮ್ಯಾಲ ದೊಡ್ಡ ಬಿರಡಿ ಒಳಗ ಹೋಗದ ನಿಂತ್ತು. "ನನ್ನ ಬಾಟ್ಲಿ ಯಾವುದಂತ ನೋಡಿಕೊಂಡ ಆಕಿ ಆ ಬಿರಡಿ ಎತ್ತಿದ್ಲು. ಒಡಹುಟ್ಟಿದಾಕಿ ಹಿಂಗ ಮಾಡಬಹುದೇನು!" ಅಂತ ಅವ್ವ ಎದಿ ಬಡಕೊಂಡ್ಲು. ನಾನು ಗೀರಿದ ಗುರುತು ತೋರಿಸಿದೆ, ಬಿರಡಿ ಅದಲುಬದಲು ಆಗ್ಯಾವ, ಬದಲಿಸಿಕೊಂಡ್ರ ಆತು ಅಂದೆ. "ಆಕಿ ಬಂದು ಬದಲಿಸಿಕೊಂಡು ಹೋಗ್ಲಿ. ನಾ ಯಾಕ ಹೋಗ್ಲಿ? ಹಿರೇ ಮಗಳು ನಾನು."

ನಾನು ಸಿರುಗುಪ್ಪದ ಬಸ್ಸು ಹತ್ತಿ ಮಾವಜ್ಜನ ಹತ್ತಿರ ಹೋದೆ. "ನಿಮ್ಮ ನ್ಯಾಯದಾಗ ತಪ್ಪಾಗೈತಿ, ನೀವ ಒಂದು ಮಾತು ಹೇಳ್ರಿ" ಅಂದೆ. ಮಾವಜ್ಜ ಎಲಿ ಅಡಿಕಿ ಬಾಯಾಗ ಹಾಕ್ಕೊಂಡು ಪೂರಾ ಕೇಳಿದ.

"ಅಕ್ಕನ ಬಾಟ್ಲಿ ಕೆಟ್ಟೈತಿ?"

"ಹೌದು."

"ತಂಗೀದೂ ಕೆಟ್ಟೈತಿ?"

"ಹೌದು."

"ಮತ್ತ! ಸಮ ಬಂದೈತಲ್ಲೋ ತಮ್ಮಾ, ಇದರಾಗ ತಪ್ಪೇನೈತಿ?"

೩. ಪೈಲ್ವಾನನ ಹೊಟ್ಟಿ

ಅವ್ವ ಆ ಬಾಟ್ಲ್ಯಾಗ ಔಡಲೆಣ್ಣಿ ಹಾಕಿ ಇಟ್ಟಿದ್ಲು. ಬಿರಡಿ ಒಳಗ ಇಳಿದು, ಎಣ್ಣಿ ಜಿಡ್ಡು ಕಟ್ಟಿ, ಕಚ್ಚಿಕೊಂಡು ಕುಂತಿತ್ತು. ನಾನು ತೆಗೀತೀನಿ ಅಂದ್ರ ಬಿಡ್ತಿರಲಿಲ್ಲ. "ಇರ್ಲಿ. ಆಕಿ ಮಾಡಿದ್ದು ನಾಕು ಮಂದಿ ನೋಡ್ಲಿ" ಅಂತಿದ್ಲು. ಬಂದೋರಿಗೆಲ್ಲಾ ತೋರಿಸ್ತಿದ್ಲು, ತೋರಿಸಿ ಕಣ್ಣೀರು ಹಾಕ್ತಿದ್ಲು. ನೆಂಟರು ಬಾಟ್ಲಿ ನೋಡೋದೋ, ಅವ್ವನ್ನ ಸಮಾಧಾನ ಮಾಡೋದೋ ಗೊತ್ತಾಗದ ಚಾ ಕುಡಿದು ಹೋಗ್ತಿದ್ರು.

ನಮ್ಮ ಓಣ್ಯಾಗ ಒಬ್ಬ ಪೈಲ್ವಾನ ಇದ್ದ. ಮುಂಜಾನಿ ಗರಡಿ ಮನ್ಯಾಗ ಸಾಮು ಮಾಡಿ ಬಂದ್ರ ಬಾಗಲದಾಗ ಅಡ್ಡ ತಿರುಗಿ ಒಳಗ ಬರಬೇಕು, ಅಷ್ಟು ಮೈ. ಒಂದು ದಿನ ಮುಖ ಸಣ್ಣದು ಮಾಡಿಕೊಂಡು ಬಂದ.

"ಅವ್ವಾರ, ಹೊಟ್ಟಿ ಮೂರು ದಿನದಿಂದ ಕಲ್ಲಾಗೈತ್ರೀ. ಔಡಲೆಣ್ಣಿ ಐತಂತಲ್ಲ?"

"ಐತಪಾ. ತೆಗೆಯೋ ತಾಕತ್ತು ಇದ್ರ ಕುಡಿ" ಅಂತ ಅವ್ವ ಬಾಟ್ಲಿ ಮುಂದ ಇಟ್ಲು.

ಪೈಲ್ವಾನ ಎರಡು ಬೆರಳಿಲೆ ಹಿಡಿದ. ಬರಲಿಲ್ಲ. ಧೋತ್ರದ ಚುಂಗು ಸುತ್ತಿ ಹಿಡಿದ. ಬರಲಿಲ್ಲ. ಬಾಟ್ಲಿ ತೊಡಿ ನಡುವ ಇಟ್ಟು, ಹಲ್ಲು ಕಚ್ಚಿ, ಬಿರಡಿ ತಲಿ ಹಿಡಿದು ಜಗ್ಗಿದ. ಕುತ್ತಿಗಿ ನರ ಎದ್ವು, ಮುಖ ಕೆಂಪಾತು. ನಾನು "ಏ, ಬ್ಯಾಡೋ, ಒಡೀತೈತಿ! ಕುತ್ತಿಗಿಗೆ ಬಿಸಿ ಅರಿವಿ ಸುತ್ತಿದ್ರ ತಾನ ಬರ್ತೈತಿ" ಅಂತ ಕೂಗಿದೆ. ಕುಸ್ತಿ ಹಿಡದವ ಯಾರ ಮಾತು ಕೇಳ್ತಾನ? "ಬಜರಂಗಾ!" ಅಂತ ಒಂದ ದಮ್ಮು ಹಾಕಿದ.

ಬಿರಡಿ 'ಟಪ್' ಅಂತ ಬಂತು. ಪೈಲ್ವಾನ ಹಿಂದಕ್ಕ ಬಿದ್ದ. ಬಾಟ್ಲಿ ನನ್ನ ಕೈಯಾಗ ಸಿಕ್ತು, ದೇವರು ದೊಡ್ಡಾವ. ಅವ್ವ ಖುಷಿಲೆ ಚಮಚಾದಾಗ ಎಣ್ಣಿ ಸುರಿದು ಮುಂದ ಹಿಡಿದ್ಲು. ಪೈಲ್ವಾನ ಬಿದ್ದಲ್ಲೇ ತುಸು ಹೊತ್ತು ಅಲುಗದ ಕುಂತ. ಆಮ್ಯಾಲ ಮೆಲ್ಲಕ ಎದ್ದು, ಧೋತ್ರ ಹಿಡಕೊಂಡು, ಬಾಗಲ ಕಡೆ ಬಿರಬಿರ ನಡೆದ.

"ಎಣ್ಣಿ ಬ್ಯಾಡ್ರೀ ಅವ್ವಾರ. ಇನ್ನ ಅದರ ಕೆಲಸ ಇಲ್ಲ."

೪. ಅಗದಿ ಚೊಲೊ ಕುಂತದ್ದು

ಬಿರಡಿ ಹೊರಗ ಬಂತಲ್ಲ, ನಂಗ ಧೈರ್ಯ ಬಂತು. ಅಂಗಡ್ಯಾಗ ಒಂದು ಡಬ್ಬಿ ತುಂಬ ಅನಾಥ ಬಿರಡಿ ಇದ್ವು, ಬಾಟ್ಲಿ ಒಡದು ಬಿರಡಿ ಅಷ್ಟ ಉಳಿದಂಥವು. ಅದರಾಗ ಅವ್ವನ ಬಾಟ್ಲಿ ಬಾಯಿಗಿಂತ ತುಸು ದಪ್ಪಂದು ಒಂದು ಹುಡುಕಿದೆ. ಎಣ್ಣಿ ಬ್ಯಾರೆ ಡಬ್ಬಿಗೆ ಸುರಿದು, ಸಣ್ಣ ಉಸುಕು ಸೋಸಿ, ನೀರು ಹಾಕಿ, ಬಾಟ್ಲಿ ಬಾಯಾಗ ಇಟ್ಟು ತಿರುವಾಕತ್ತಿದೆ. ಹಿಂದ ಕುಲುಮಿಯವರು ಮಾಡಿದ್ದೂ ಹಿಂಗ. ಹಿಡಿದು ತಿರುವೋದು, ತೊಳೆಯೋದು, ನೋಡೋದು. ಗಿರಾಕಿ ಬಂದ್ರ ಬಿಡೋದು, ಹೋದ್ರ ಹಿಡಿಯೋದು. ಕೈಯಾಗ ಬೊಬ್ಬಿ ಎದ್ವು. ಕಡೀಗೆ ಒಂದು ದಿನ ಹಾಕಿ ಬಿಟ್ರ 'ಟಕ್' ಅಂತ ಕುಂತ್ತು. ಬಾಟ್ಲಿ ಬೋರಲ ಹಾಕಿದೆ, ಹನಿ ನೀರು ಸೋರಲಿಲ್ಲ.

ನಂಗಂತೂ ಕುಸ್ತಿ ಗೆದ್ದಷ್ಟು ಸಂತೋಷ ಆತು. ಇನ್ನ ಅವ್ವನ ಸಿಟ್ಟು ಇಳೀತೈತಿ, ಸಿಟ್ಟು ಇಳಿದ್ರ ಚಿಗವ್ವನ ಜೋಡಿ ಮಾತು ಬರ್ತೈತಿ ಅಂತ ಲೆಕ್ಕ ಹಾಕಿದೆ. ಒಯ್ದು ಮುಂದ ಇಟ್ಟೆ.

ಅವ್ವ ಬಿರಡಿ ತೆಗೆದ್ಲು, ಹಾಕಿದ್ಲು. ಮತ್ತ ತೆಗೆದ್ಲು, ಹಾಕಿದ್ಲು. ಮುಖ ಕಪ್ಪಿಟ್ತು.

"ಯಾರು ಹೇಳಿದ್ರು ನಿಂಗ ಇದನ್ನ ಮಾಡಾಕ?"

"ಯಾಕವ್ವಾ, ಕುಂತೈತಲ್ಲ?"

"ಕುಂತೈತಿ. ಅಗದಿ ಚೊಲೊ ಕುಂತೈತಿ. ಅದಕ್ಕ ಬ್ಯಾಡ."

"ಬಿರಡಿ ಇಲ್ಲ ಅಂತ ಇಷ್ಟು ವರ್ಷ ಅತ್ತೀ, ಈಗ ಬಿರಡಿ ಬಂದ್ರ ಬ್ಯಾಡ ಅಂತೀ. ಏನು ಮಾಡ್ಲಿ ನಾನು?" ಅಂತ ನಂಗೂ ರೇಗಿತು.

ಆಕಿ ಸೀರಿ ಸೆರಗಿಲೆ ಕಣ್ಣು ಒರಸ್ಕೊಂಡ್ಲು. "ಯಾವುದೋ ಒಂದು ಬಿರಡಿ ಬೇಕು ಅಂತ ನಾ ಯಾವಾಗ ಅಂದೀನಿ? ಆಕಿ ಬಂದು, ಇಲ್ಲಿ ಕುಂತು, ತನ್ನ ಕೈಲೆ ಕೊಟ್ಟ ಬಿರಡಿ ಬೇಕು ನಂಗ" ಅಂದ್ಲು. ನನ್ನ ಸಿಟ್ಟು ಎಲ್ಲಿ ಹೋತೋ ಗೊತ್ತಿಲ್ಲ. ಇನ್ನ ಏನಾದ್ರೂ ಆಗ್ಲಿ, ಚಿಗವ್ವನ್ನ ಕರಕೊಂಡು ಬಂದ ತೀರಬೇಕು ಅಂತ ಅವತ್ತ ಗಟ್ಟಿ ಮಾಡಿದೆ.

ಅವ್ವ ನನ್ನ ಬಿರಡಿನ ಏನು ಮಾಡಿದ್ಲು ಅಂತ ಕೇಳಬ್ಯಾಡ್ರಿ. ಆ ಸಣ್ಣ ಬಿರಡಿನ ಮತ್ತ ಬಾಟ್ಲಿಗೆ ಹಾಕಿ, ನಂದನ್ನ ನಿಂಬಿ ಉಪ್ಪಿನಕಾಯಿ ಜಾಡಿ ಮ್ಯಾಲಿನ ಅರಿವಿ ಹಾರಬಾರದು ಅಂತ ಅದರ ಮ್ಯಾಲ ಹೇರಿದ್ಲು. ಬೊಬ್ಬಿ ಮಾತ್ರ ನಂಗ ಉಳಿದ್ವು.

೫. ಕುರುಗೋಡಿನ ಇರುವಿ

ಕುರುಗೋಡಿಗೆ ಹೋದೆ. ಚಿಗವ್ವ ನನ್ನ ನೋಡಿದಾಕಿನ ಕೈ ಹಿಡಕೊಂಡು ಒಳಗ ಕರಕೊಂಡು ಹೋದ್ಲು. ಮೊದಲ ಕೇಳಿದ ಮಾತು, "ಅಕ್ಕ ಆರಾಮದಾಳೇನು? ಮೊಣಕಾಲು ಇನ್ನೂ ನೋಯ್ತಾವೇನು?" ಎರಡನೇ ಮಾತು, "ನಾ ಕೇಳಿದೆ ಅಂತ ಹೇಳಬ್ಯಾಡ."

ಆಕಿ ಬಾಟ್ಲ್ಯಾಗ ಜೇನುತುಪ್ಪ ಇತ್ತು. ದೊಡ್ಡ ಬಿರಡಿ ಬಾಯಾಗ ಇಳಿಯದ ಮ್ಯಾಲ ಕುಂತಿತ್ತು, ಸಂದಿನಾಗ ಇರುವಿ ಸಾಲು. ಚಿಗವ್ವ ಒಂದು ಪರಾತದಾಗ ನೀರು ತುಂಬಿ, ಅದರ ನಡುವ ಬಾಟ್ಲಿ ನಿಲ್ಲಿಸಿದ್ಲು. ಬಳ್ಳಾರಿ ಕೋಟಿ ಸುತ್ತ ಕಂದಕ ಇದ್ದಂಗ ಕಾಣ್ತಿತ್ತು. ಆದ್ರೂ ಮಾಡಿನಿಂದ ಒಂದೊಂದ ಇರುವಿ ಬಿರಡಿ ಮ್ಯಾಲ ಉದುರಾಕತ್ತಿದ್ವು.

"ನೋಡಪಾ, ನಿಮ್ಮವ್ವನ ಕೆಲಸ" ಅಂದ್ಲು. "ಅಕ್ಕ ಆ ಅಗಲ ಬಾಯಿದು ಬಿಟ್ಟು ಸಣ್ಣ ಬಾಯಿದು ಆರಿಸಿದ್ರ ಏನಾಗ್ತಿತ್ತು? ನನ್ನ ಬಿರಡಿ ಸರಿಯಾಗಿ ಕುಂದ್ರತಿತ್ತು."

ಲೆಕ್ಕ ಅದೂ ಖರೇನ. "ಬಾ ಚಿಗವ್ವಾ, ಬದಲಿಸಿಕೊಂಡು ಬರುವಂತಿ" ಅಂದೆ. ಆಕಿ ದನಿ ಇಳಿಸಿ, "ನಂಗ ಬರಬಾರದು ಅಂತೇನಿಲ್ಲೋ. ನಿಮ್ಮ ಚಿಗಪ್ಪ ಬಿಡಬೇಕಲ್ಲ. ತವರ ಮನಿಗೆ ಬೀಗ ಬಿದ್ದ ಮ್ಯಾಲ ಯಾರನ್ನ ನೋಡಾಕ ಹೊಂಟಿ ಅಂತಾರ" ಅಂದ್ಲು.

ಚಿಗಪ್ಪನ ಬಗ್ಗೆ ಹೇಳಬೇಕು. ಮೆಣಸಿನಕಾಯಿ ವ್ಯಾಪಾರ, ಕೆಟ್ಟ ಮನುಷ್ಯಾ ಅಲ್ಲ. ಆದ್ರ ಹೆಂಗಸರು ಸುಮ್ಮಸುಮ್ಮನ ಊರಿಗೆ ಹೋಗೋದು ಆತನ ಮನ್ಯಾಗ ಇಲ್ಲ. ಆತಗ ಜೀವನದಾಗ ಒಂದ ರುಚಿ, ವ್ಯಾಜ್ಯ. ಬಾಜೂ ಮನಿಯವನ ಬೇವಿನ ಮರದ ನೆರಳು ಮಧ್ಯಾಹ್ನದ ಮ್ಯಾಲ ಈತನ ಕಟ್ಟಿಗೆ ಬರ್ತಿತ್ತು. ಒಂದು ವರ್ಷ ಆ ಮನಿಯವ ಟೊಂಗಿ ಕಡಿಸಿದ. "ನನ್ನ ನೆರಳು ಕಡಿಯಾಕ ನೀ ಯಾರು?" ಅಂತ ಈತ ಪಂಚಾಯ್ತಿ ಕೂಡಿಸಿದ್ದ. ಅದು ಇನ್ನೂ ನಡದಿತ್ತು.

ಸಂಜಿಕ ಚಿಗಪ್ಪ ಬಂದ. "ಅವ್ವಗ ತಂಗಿನ್ನ ನೋಡಬೇಕು ಅನಿಸೈತಿ, ಪಂಚಮಿಗೆ ಕಳಿಸ್ರಿ" ಅಂದೆ.

"ನೋಡಾಕ ಏನೈತಿ? ಮೊದಲ ನೋಡಿಲ್ಲೇನು?"

ಬಾಗಲ ಸಂದಿನಾಗ ನಿಂತಿದ್ದ ಚಿಗವ್ವನ ಮುಖ ಬಾಡಿ ಹೋತು. ನಂಗ ತಟ್ಟನ ಒಂದು ಹೊಳೀತು.

"ಅದಲ್ರೀ ಚಿಗಪ್ಪಾ. ಪಾಲಿನಾಗ ಚಿಗವ್ವಗ ಬರಬೇಕಾದ ಬಿರಡಿ ನಮ್ಮವ್ವನ ಹತ್ತಿರ ಉಳಿದೈತಿ."

ಚಿಗಪ್ಪ ರುಮಾಲು ತೆಗೆಯಾಕ ಹೋದವ ಹಂಗ ನಿಂತ. ಕಣ್ಣಾಗ ಬೆಳಕು ಬಂತು.

"ಅಂದ್ರ ನಮ್ಮ ಹಕ್ಕಿನ ವಸ್ತು ಅವರ ಮನ್ಯಾಗ ಐತಿ?"

"ಹೌದ್ರೀ."

"ಇಷ್ಟು ವರ್ಷ! ಮತ್ತ ಈ ಹೆಣ್ಣಮಗಳು ಸುಮ್ನ ಕುಂತಾಳ?" ಅಂತ ಹೆಂಡ್ತಿ ಕಡೆ ತಿರುಗಿದ. "ನಿಂಗ ಸ್ವಲ್ಪರ ಬುದ್ಧಿ ಐತೇನು? ನಡಿ, ಬಳ್ಳಾರಿಗೆ ನಡಿ! ಅಕ್ಕ ಆದ್ರೇನು, ಯಾರಾದ್ರೇನು!"

ಇವತ್ತ ಬಸ್ಸಿಲ್ಲ, ಕಡೀ ಬಸ್ಸು ಹೋತು ಅಂತ ನಾನ ಕೂಡ್ರಿಸಬೇಕಾತು.

೬. ಹಕ್ಕಿನ ಮಾತು

ಪಂಚಮಿ ಮರುದಿನ ಬಂದ್ರು. ಚಿಗವ್ವ ಬಸ್ಸಿನಾಗ ಬಾಟ್ಲಿನ ಕೌದಿ ಸುತ್ತಿ ಕೂಸಿನಂಗ ತೊಡಿ ಮ್ಯಾಲ ಇಟ್ಟುಕೊಂಡು ಬಂದಿದ್ಲು. ಕೇಳಿದ ಮಂದಿಗೆಲ್ಲಾ ಚಿಗಪ್ಪ "ವ್ಯಾಜ್ಯದ ವಸ್ತು, ಮುಟ್ಟಬ್ಯಾಡ್ರಿ" ಅಂತ ಹೇಳಿಕೊಂಡು ಬಂದಿದ್ದ.

ಅಂಗಡಿ ಹಿಂದಿನ ಖೋಲ್ಯಾಗ ಅವ್ವ ಕುಂತಿದ್ಲು. ತಂಗಿ ಬಂದದ್ದು ಗೊತ್ತಾದ್ರೂ ತಲಿ ಎತ್ತಲಿಲ್ಲ. ಚಿಗವ್ವ ಎದುರಿಗೆ ಕುಂತ್ಳು, ಆಕೀನೂ ಮ್ಯಾಲ ನೋಡಲಿಲ್ಲ. ಇಬ್ಬರ ನಡುವ ಎರಡು ಬಾಟ್ಲಿ. ಚಿಗಪ್ಪ ನಿಂತು, "ನಾ ಹೆಂಗಸರ ನಡುವ ಮಾತಾಡಂಗಿಲ್ಲ. ಎದುರಿನ ಹೋಟೆಲಿನಾಗ ಇರ್ತೀನಿ. ನೀ ನಿನ್ನ ಹಕ್ಕು ತೊಗೊಳ್ಳದ ಏಳಬ್ಯಾಡ" ಅಂತ ಹೆಂಡ್ತಿಗೆ ಹೇಳಿ ಹೋದ.

ನಾನು ಎರಡೂ ಬಿರಡಿ ತೆಗೆದೆ, ಒರೆಸಿದೆ, ಒಬ್ಬೊಬ್ಬರ ಕೈಯಾಗ ಕೊಟ್ಟೆ. "ಬದಲಿಸಿಕೊಳ್ರಿ" ಅಂದೆ. ಯಾರೂ ಕೈ ಚಾಚಲಿಲ್ಲ. ಕಡೀಗೆ ಚಿಗವ್ವ, "ಅಕ್ಕಾ, ಮೊಣಕಾಲು ಹೆಂಗದಾವ?" ಅಂದ್ಲು.

ಅವ್ವ ಬಿಕ್ಕಿ ಬಿಕ್ಕಿ ಅತ್ಲು. ಬಿರಡಿ ಕೈಯಾಗ ಹಿಡಕೊಂಡ ತಂಗಿನ್ನ ತಬ್ಬಿದ್ಲು. "ಇಷ್ಟು ದಿನ ಬೇಕಾತೇನ ನಿಂಗ, ಕೇಳಾಕ! ಸತ್ತಾಳೋ ಬದುಕ್ಯಾಳೋ ಅಂತ ನೋಡಬಾರದಿತ್ತೇನ!"

"ನೀ ಕರಿಬಾರದಿತ್ತೇನ? ಹಿರೇಕಿ ನೀನು!"

ನಾನು ಬಾಟ್ಲಿ ಎರಡೂ ದೂರ ಸರಿಸಿದೆ. ಅವ್ರು ಅಳೋದು ಮುಗಿಸಿ, ಉಂಡಿ ತಿಂದು, ಅಜ್ಜಿನ್ನ ನೆನೆಸಿ ಮತ್ತ ಅತ್ತು, ಆಮ್ಯಾಲ ಬಿರಡಿ ಬದಲಿಸಿಕೊಂಡ್ರು. ಅವ್ವನ ಬಾಟ್ಲಿ 'ಟಕ್' ಅಂತು. ಚಿಗವ್ವನ ಬಾಟ್ಲಿ 'ಟಕ್' ಅಂತು. ಅಷ್ಟು ವರ್ಷದ ಜಗಳಾ ಅಲ್ಲಿಗೆ ಮುಗೀತು. ನಂಗೂ ಕಣ್ಣು ತುಂಬಿ ಬಂತು, ಸುಳ್ಳು ಯಾಕ ಹೇಳ್ಲಿ.

ಬಸ್ಸಿನ ಹೊತ್ತಾತು. ಚಿಗವ್ವ ಎದ್ದು ಕೌದಿ ಬಿಚ್ಚಿದ್ಲು. ಬಾಟ್ಲಿ ಕಡೆ ನೋಡಿದ್ಲು. ಮತ್ತ ಕುಂತ್ಳು.

"ಅಕ್ಕಾ, ನನ್ನ ಆ ದೊಡ್ಡ ಬಿರಡಿ ನಂಗ ಕೊಡು."

"ಯಾಕ?" ಅಂತ ನಾನ ಚೀರಿದೆ. "ಈಗ ಕುಂತೈತಲ್ಲ ಚಿಗವ್ವಾ!"

"ಕುಂತೈತಿ, ಅದಕ್ಕ ಅಂಜಿಕಿ" ಅಂದ್ಲು ಆಕಿ. "ಬಿರಡಿ ಕುಂತ್ತು ಅಂದ್ರ ವ್ಯಾಜ್ಯ ಮುಗೀತು. ಮುಂದ ಯಾವ ನೆವಾ ಹೇಳಿ ಬರ್ಲಿ? ಅಕ್ಕನ ಜೋಡಿ ಜಗಳಾ ಮಾಡಾಕ ಅಂದ್ರ ನಿಮ್ಮ ಚಿಗಪ್ಪ ತಾನ ಬಸ್ಸು ಹತ್ತಿಸಿ ಕರಕೊಂಡು ಬರ್ತಾರ. ಅಕ್ಕನ್ನ ನೋಡಾಕ ಅಂದ್ರ ಯಾರು ಕಳಸ್ತಾರಪಾ?"

ಅವ್ವ ತನ್ನ ಬಾಟ್ಲಿ ಬಿರಡಿ ತಾನ ಕಿತ್ತಿ ತಂಗಿ ಕೈಯಾಗ ಇಟ್ಲು. ತಂಗಿ ಸಣ್ಣ ಬಿರಡಿ ಅಕ್ಕನ ಕೈಯಾಗ ಇಟ್ಲು.

ಅಷ್ಟರಾಗ ಚಿಗಪ್ಪನ ಚಪ್ಪಲಿ ಸಪ್ಪಳ ಆತು. ಇಬ್ಬರೂ ಸೆರಗಿಲೆ ಮುಖ ಒರೆಸಿಕೊಂಡು, ಒಬ್ಬರಿಗೊಬ್ಬರು ಬೆನ್ನು ಮಾಡಿ ಕುಂತ್ರು. "ಏನಾತು? ಕುಂತ್ತೇನು?" ಅಂತ ಆತ ಒಳಗ ಬಂದ.

ಅವ್ವ ಬಾಟ್ಲಿ ಎತ್ತಿ, ಬಿರಡಿ ಬಾಯಾಗ ಬಿಟ್ಲು. ಅದು ಕುತ್ತಿಗಿತನಕ ಇಳೀತು. "ನೋಡ್ರಿ, ನಿಮ್ಮ ಹೆಂಡ್ತಿ ಕೊಟ್ಟ ಬಿರಡಿ! ಈಕಿ ನನ್ನ ಒಡಹುಟ್ಟಿದಾಕಿ ಏನ್ರೀ?"

"ಆಕಿ ಬಾಟ್ಲಿನ ಸೊಟ್ಟ!" ಅಂತ ಚಿಗವ್ವ ಆ ಕಡೆಯಿಂದ ಚೀರಿದ್ಲು. "ನಾ ಬಿಡಂಗಿಲ್ಲ! ನನ್ನ ಪಾಲು ನಂಗ ಸಿಗೋತನಕ ಈ ಮನಿ ಬಾಗಲ ಬಿಡಂಗಿಲ್ಲ!"

"ಬಾರ! ಎಷ್ಟು ಸಲ ಬರ್ತಿಯೋ ಬಾ, ನೋಡೇಬಿಡ್ತೀನಿ!" ಅಂದ್ಲು ಅವ್ವ. ಅಳೂ ತಡಿಯಾಕ ಆಗದ, ನಗೂ ತಡಿಯಾಕ ಆಗದ ದನಿ ನಡುಗತಿತ್ತು. ಚಿಗಪ್ಪ ಅದನ್ನ ಸಿಟ್ಟು ಅಂತ ತಿಳಿದ.

ನಗಾಕ ಹೊರಗ ಹೋಗೋ ಹಂಗಿರಲಿಲ್ಲ, ನಾನು ಗೋಡಿ ಕಡೆ ಮುಖ ಮಾಡಿ ನಿಂತಿದ್ದೆ. ನನ್ನ ಹೆಗಲು ಅಲುಗೋದು ನೋಡಿ ಚಿಗಪ್ಪ ರುಮಾಲು ಸರಿ ಮಾಡಿಕೊಂಡ. ಹತ್ತಿರ ಬಂದು, ಬೆನ್ನ ಮ್ಯಾಲ ಕೈ ಇಟ್ಟು, ದನಿ ಇಳಿಸಿ ಹೇಳಿದ.

"ಅಳಬ್ಯಾಡೋ ತಮ್ಮಾ. ನಾ ಇದನ್ನ ಹಿಂಗ ಬಿಡೋನಲ್ಲ. ದೀಪಾವಳಿಗೆ ಒಂದ ಸಲ, ಯುಗಾದಿಗೆ ಒಂದ ಸಲ ಈಕಿನ್ನ ಕರಕೊಂಡು ಬರ್ತೀನಿ. ಅಷ್ಟಕ್ಕೂ ಬಗಿಹರಿಯದಿದ್ರ ಇಲ್ಲೇ ಎಂಟು ದಿನ ಬಿಟ್ಟು ಹೋಗ್ತೀನಿ, ಕುಂತು ಬಡದಾಡ್ಲಿ."